ಹಡಗು ಇಳಿದ ತಾರೀಖು: ಒಬ್ಬ ಕೀಬೋರ್ಡ್ ಹುಡುಗನ ಕೇಸು

2024ರ ಜುಲೈ 8, ಸೋಮವಾರ, ಬೆಳಗ್ಗೆ ಹತ್ತೂವರೆ ಇರ್ಬೋದು, ಮೈಸೂರು ಸಬರ್ಬ್ ಬಸ್‌ಸ್ಟ್ಯಾಂಡಿಂದ ಫೋನು. "ಅಣ್ಣಾ, ಬಂದೆ ಕಣಣ್ಣ. ಆದ್ರೆ ನೆಲ ಅಲ್ಲಾಡ್ತೈತೆ." ನಾನು ಕುಡ್ಕೊಂಡ್ ಬಂದಿದ್ದೀಯೇನೋ ಅಂದೆ. ಕುಡಿದಿರಲಿಲ್ಲ ಪಾಪ. ಕ್ರೂಸ್ ಹಡಗಲ್ಲಿ ಪ್ರವಾಸಿಗರಿಗೆ ಕೀಬೋರ್ಡ್ ನುಡಿಸ್ಕೊಂಡು ಎಂಟು ತಿಂಗ್ಳು ನೀರ ಮೇಲಿದ್ದು ಗಟ್ಟಿ ನೆಲಕ್ಕೆ ಕಾಲಿಟ್ರೆ ಹಂಗೇ ಆಗುತ್ತಂತೆ, ಹಡಗು ಹತ್ತಿದಾಗ ಒಂಥರಾ ತೂಗಾಟ, ಇಳಿದಾಗ ಇನ್ನೊಂಥರಾ, ಮಲ್ಕೊಂಡ್ರೆ ಮಂಚ ತೊಟ್ಟಿಲ ಥರ. ಎರಡು ದಿನಕ್ಕೆ ಹೋಯ್ತು ಅದು. ಹೋಗದೇ ಇದ್ದಿದ್ದು ಬೇರೆ ಇತ್ತು, ಈಗ ಬರೀತಿರೋದು ಅದರ ಬಗ್ಗೆ.

ಮೊದ್ಲು ನನ್ನ ಪರಿಚಯ ಹೇಳ್ಬಿಡ್ತೀನಿ, ಯಾಕಂದ್ರೆ ಈ ಕೇಸಲ್ಲಿ ನಾನೂ ಅರ್ಧ ಇದ್ದೀನಿ. ಸರಸ್ವತಿಪುರಂನಲ್ಲಿ ಒಂದು ಸಣ್ಣ ಆಫೀಸು, ಇನ್‌ಕಮ್ ಟ್ಯಾಕ್ಸ್ ರಿಟರ್ನ್ಸು ಜಿಎಸ್‌ಟಿ ಅದೂ ಇದೂ. ಸಂಜೆ ಹೊತ್ತು ಆರ್ಕೆಸ್ಟ್ರಾದಲ್ಲಿ ರಿದಂ ಪ್ಯಾಡ್ ನುಡಿಸ್ತೀನಿ, ಹದಿನೈದು ವರ್ಷ ಆಯ್ತು. ಈ ಹುಡ್ಗ ನಮ್ಮ ಟೀಮಿನ ಕೀಬೋರ್ಡು. ಹೆಸರು ಹಾಕ್ಬೇಡ ಅಣ್ಣ, ಬೇರೆದೆಲ್ಲ ಬರ್ಕೋ ಅಂದಿದ್ದಾನೆ, ಅದಕ್ಕೆ ಹುಡ್ಗ ಅಂತಲೇ ಬರೀತೀನಿ, ವಯಸ್ಸು 27. ಪಾಂಡವಪುರದ ಹತ್ರ ಹಳ್ಳಿ, ಅಪ್ಪ ಇಲ್ಲ, ಅವ್ವ, ಒಬ್ಬಳು ಅಕ್ಕ, ಎರಡೂವರೆ ಎಕರೆ ಕಬ್ಬು. ಪಿಯುಸಿಗೆ ಅಂತ ಮೈಸೂರಿಗೆ ಬಂದೋನು ಇಲ್ಲೇ ಉಳ್ಕೊಂಡ, ಚರ್ಚಿನ ಕೀಬೋರ್ಡ್ ಮೇಲೆ ಕೈ ಕೂರಿಸ್ಕೊಂಡು, ಆಮೇಲೆ ಟ್ರಿನಿಟಿ ಅನ್ನೋ ವೆಸ್ಟರ್ನ್ ಮ್ಯೂಸಿಕ್ ಪರೀಕ್ಷೆಯಲ್ಲಿ ಗ್ರೇಡು ಐದರ ತನಕ ಪಾಸು ಮಾಡ್ದ. ನಮ್ ಆರ್ಕೆಸ್ಟ್ರಾಗಳಲ್ಲಿ ನೋಟೇಶನ್, ಅಂದ್ರೆ ಕಾಗದದ ಮೇಲೆ ಬರೆದ ಸ್ವರ, ಓದೋರು ಕಮ್ಮಿ, ಎಲ್ಲ ಕಿವಿ ಮೇಲೇ ನಡೆಯೋದು, ಇವನೊಬ್ಬ ಓದ್ತಿದ್ದ. ಹಾಗಂತ ಮೈಸೂರಿಗೆ ಅದೇನ್ ಹೊಸದಲ್ಲ ಬಿಡಿ, ಅರಮನೆ ಬ್ಯಾಂಡಿನ ಕಾಲದಿಂದ ಇಲ್ಲಿ ಸ್ಟಾಫ್ ನೋಟೇಶನ್ ಓದೋರು ಇದ್ರು, ಕದ್ರಿ ಗೋಪಾಲನಾಥ್ ಅವ್ರು ಸ್ಯಾಕ್ಸೋಫೋನ್ ಹಿಡಿದಿದ್ದೇ ಆ ಬ್ಯಾಂಡಲ್ಲಿ ಅದನ್ನ ಕೇಳಿ ಮನಸೋತು. ಇವತ್ತು ಓದೋ ಹುಡುಗ್ರಿಗೆ ಊರಲ್ಲಿ ಅದರಿಂದ ಹೊಟ್ಟೆ ತುಂಬಲ್ಲ, ಅಷ್ಟೇ.

ಊರಲ್ಲಿ ಇವನ ಸಂಪಾದನೆ ಹಿಂಗಿತ್ತು. ಪ್ರೋಗ್ರಾಮಿಗೆ 3,500, ಸೀಸನ್ನಲ್ಲಿ ತಿಂಗ್ಳಿಗೆ ಎಂಟೋ ಹತ್ತೋ, ಆಷಾಢದಲ್ಲಿ ಸೊನ್ನೆ. ಜೊತೆಗೆ ಕುವೆಂಪುನಗರದಲ್ಲಿ ಎಂಟು ಮಕ್ಳಿಗೆ ಪಾಠ, ತಲೆಗೆ ಸಾವಿರ. ಹಡಗಿನೋರು ಕೊಡ್ತೀನಿ ಅಂದಿದ್ದು ತಿಂಗ್ಳಿಗೆ 2,100 ಡಾಲರು, ಊಟ ವಸತಿ ಅವರದ್ದು. ಇಂಥ ಆಫರ್ ಬಂದ್ರೆ ಯಾರಾದ್ರೂ ಬೇಡ ಅಂತಾರಾ? ವಿಡಿಯೋ ಆಡಿಷನ್ ಕಳಿಸ್ದ, ಮುಂಬೈನ ಏಜೆನ್ಸಿ, ಹಡಗಿಗೆ ಜನ ಸೇರಿಸೋಕೆ ಬೇಕಾದ ಆರ್‌ಪಿಎಸ್‌ಎಲ್ ಲೈಸೆನ್ಸ್ ಇದೆಯಾ ಅಂತ ಕೇಂದ್ರ ಸರ್ಕಾರದ ಡಿಜಿ ಶಿಪ್ಪಿಂಗ್ ಸೈಟಲ್ಲಿ ನಾನೇ ನೋಡಿ ಹೇಳ್ದೆ, ಇತ್ತು. ಹಡಗಿನ ಕೆಲಸಕ್ಕೆ ಸೇರಿಸೋಕೆ ಕಮಿಷನ್ ಅಂತ ದುಡ್ಡು ಕೇಳೋ ಹಾಗಿಲ್ಲ, ವೀಸಾ ಖರ್ಚೂ ಕಂಪನಿಯದ್ದೇ, 2006ರ ಮ್ಯಾರಿಟೈಮ್ ಲೇಬರ್ ಕನ್ವೆನ್ಷನ್ ಅಂತ ಒಂದಿದೆ, ನಮ್ ದೇಶವೂ 2015ರಲ್ಲಿ ಒಪ್ಕೊಂಡಿದೆ. ನಾವು ಕೊಡ್ಬೇಕಾದ್ದು ಮೆಡಿಕಲ್ಲು, ಪಾಸ್‌ಪೋರ್ಟು, ಸಿಡಿಸಿ ಅನ್ನೋ ಹಡಗಿನ ಪುಸ್ತಕ, ಮತ್ತೆ ಬೆಂಕಿ ಆರಿಸೋದು, ನೀರಿಗೆ ಬಿದ್ರೆ ಜೀವ ಉಳಿಸ್ಕೊಳ್ಳೋದು, ಫಸ್ಟ್ ಏಡು, ಇಂಥ ಎಸ್‌ಟಿಸಿಡಬ್ಲ್ಯೂ ಕೋರ್ಸುಗಳು. ಕೀಬೋರ್ಡ್ ನುಡಿಸೋಕೆ ಹೋಗೋನು ಬೆಂಕಿ ಆರಿಸೋದು ಯಾಕೆ ಕಲೀಬೇಕು ಅಂತ ಅವ್ವ ಕೇಳಿದ್ರಂತೆ. ಹಡಗು ಹತ್ತಿದ ಮೇಲೆ ಎಲ್ರೂ ನಾವಿಕರೇ ಅವ್ವಾ, ಡ್ರಿಲ್ ಸೈರನ್ ಆದ್ರೆ ನಾನೂ ಲೈಫ್‌ಜಾಕೆಟ್ ಹಾಕ್ಕೊಂಡು ಜನಾನ ಸಾಲಲ್ಲಿ ನಿಲ್ಲಿಸ್ಬೇಕು ಅಂದ. ಎಲ್ಲ ಸೇರಿ 70 ಸಾವಿರ ಹತ್ರ ಆಯ್ತು.

ಈಗ ತಾರೀಖುಗಳು. ದಯವಿಟ್ಟು ಇದನ್ನ ಹಾರಿಸ್ಬೇಡಿ, ಇಡೀ ಕೇಸು ಇದರಲ್ಲೇ ಇದೆ. 2023ರ ನವೆಂಬರ್ 16ಕ್ಕೆ ಬೆಂಗ್ಳೂರಲ್ಲಿ ಪಾಸ್‌ಪೋರ್ಟ್‌ಗೆ ಸೀಲು, 18ಕ್ಕೆ ಮಯಾಮಿಯಲ್ಲಿ ಹಡಗು ಹತ್ತಿದ. 25 ವಾರದ ಕಾಂಟ್ರ್ಯಾಕ್ಟು, 2024ರ ಮೇ 11ಕ್ಕೆ ಇಳೀಬೇಕು. ಇವನ ಜಾಗಕ್ಕೆ ಬರ್ಬೇಕಾಗಿದ್ದೋನ ವೀಸಾ ಆಗ್ಲಿಲ್ಲ, ಇನ್ನೆಂಟು ವಾರ ಇರ್ತೀಯಾ ಅಂದ್ರು, ಇವ್ನು ಒಂದೇ ಮಾತಿಗೆ ಹೂಂ ಅಂದ, ಜುಲೈ 6ಕ್ಕೆ ಇಳಿದ. ಆ ಹೂಂ ಅನ್ನೋಕ್ ಮುಂಚೆ ನಂಗೊಂದು ಮೆಸೇಜ್ ಹಾಕಿದ್ರೆ ನಾನೇನ್ ಹೇಳ್ತಿದ್ದೆ? ನಿಜ ಹೇಳ್ಬೇಕು ಅಂದ್ರೆ ನಾನೂ ಇರು ಅಂತಾನೇ ಅಂತಿದ್ದೆ, ನಾಲ್ಕು ಸಾವಿರ ಡಾಲರ್ ಹತ್ರ ಜಾಸ್ತಿ ಬರುತ್ತಲ್ಲ. ಎಲ್ರೂ ಸಂಬಳ ಎಷ್ಟು ಅಂತ ಕೇಳ್ತೀವಿ, ಹತ್ತೋದು ಯಾವತ್ತು ಇಳಿಯೋದು ಯಾವತ್ತು ಅಂತ ಕೂತು ಪಂಚಾಂಗ ನೋಡಲ್ಲ.

ಹಡಗಿನ ಒಳಗಿಂದು ಸ್ವಲ್ಪ ಹೇಳ್ತೀನಿ. ಐದು ಜನದ ಪಾರ್ಟಿ ಬ್ಯಾಂಡು, ರಾತ್ರಿಗೆ ನಾಲ್ಕು ಸೆಟ್ಟು, ಒಂದೊಂದು 45 ನಿಮಿಷ. ಕಿವಿಯೊಳಗೆ ಇನ್‌ಇಯರ್, ಅದರಲ್ಲಿ ಟಕ್ ಟಕ್ ಅಂತ ತಾಳ ಹೇಳೋ ಕ್ಲಿಕ್ಕು, ಹಾಡು ನಾಲ್ಕು ನಿಮಿಷ ಅಂದ್ರೆ ನಾಲ್ಕೇ ನಿಮಿಷ. ಮಲಗೋಕೆ ಕಿಟಕಿ ಇಲ್ಲದ ರೂಮು, ಗಿಟಾರಿನೋನು ಕೆಳಗಿನ ಬಂಕು ಇವ್ನು ಮೇಲಿನ ಬಂಕು. ಹಡಗಿನ ಹೊಟ್ಟೆಯೊಳಗೆ ಈ ತುದಿಯಿಂದ ಆ ತುದಿಗೆ ಒಂದು ಓಣಿ ಇರುತ್ತಂತೆ, ಕೆಲಸದೋರೆಲ್ಲ ಓಡಾಡೋ ದಾರಿ, ಅಮೆರಿಕದ ಕಡೆ ಹಡಗುಗಳಲ್ಲಿ ಅದಕ್ಕೆ ಅವರ ಹೈವೇ ಹೆಸರನ್ನೇ ಇಟ್ಟು ಐ-95 ಅಂತಾರೆ. ಮೇಲೆ ಜನ ಸೂರ್ಯ ನೋಡ್ತಿರ್ತಾರೆ, ನಾವು ಕೆಳಗೆ ಟ್ಯೂಬ್‌ಲೈಟು, ಅಂದ. ಡಿಸೆಂಬರ್‌ನಲ್ಲಿ ಒಂದ್ಸಲ ವಿಡಿಯೋ ಕಾಲ್ ಮಾಡಿ ಹಿಂದೆ ಸಮುದ್ರ ತೋರಿಸ್ದ. ಅವ್ವ ನೀರು ನೋಡಿ, ಅಷ್ಟೊಂದ್ ನೀರೈತೆ, ನಮ್ ನಾಲೆಗೆ ಒಂದಿಷ್ಟ್ ಬಿಡಕ್ಕಾಯ್ತದ ಕೇಳ್ಲಾ ಅಂದ್ರು. ತಮಾಷೆಗಲ್ಲ, 2023ರಲ್ಲಿ ಮಳೆ ಕೈಕೊಟ್ಟು ಕೆಆರ್‌ಎಸ್ ತುಂಬಿರಲಿಲ್ಲ, ವಿಶ್ವೇಶ್ವರಯ್ಯ ನಾಲೆ ಕೆಳಗಿನ ಕಬ್ಬು ಒಣಗ್ತಿತ್ತು.

ಇಳಿಯೋ ದಿನದ್ದು ಅವನು ಹೇಳಿದ್ದನ್ನ ಹಂಗೇ ಬರೀತೀನಿ. ಹಿಂದಿನ ರಾತ್ರಿ ಕೊನೆ ಸೆಟ್ಟು ಮುಗಿದಾಗ ಹನ್ನೆರಡೂವರೆ, ಯಾರೂ ಏನೂ ಹೇಳ್ಲಿಲ್ಲ, ಡ್ರಮ್ಮರ್ ಒಬ್ಬ ಬೆನ್ನು ತಟ್ಟಿ ಹೋದ. ಬೆಳಗ್ಗೆ ಐದೂವರೆಗೆ ಯೂನಿಫಾರ್ಮು, ರೂಮ್ ಕೀ, ಐಡಿ ಕಾರ್ಡು ವಾಪಸ್ಸು, ಕ್ರೂ ಆಫೀಸಲ್ಲಿ ಅಷ್ಟು ದಿನ ಇಟ್ಕೊಂಡಿದ್ದ ಪಾಸ್‌ಪೋರ್ಟು ಕೈಗೆ, ಸಿಡಿಸಿಗೆ ಸೈನ್ ಆಫ್ ಸೀಲು. ಒಂಬತ್ತು ಗಂಟೆಗೆ ಬಂದರಿನ ಬಿಸಿಲಲ್ಲಿ ಸೂಟ್‌ಕೇಸ್ ಹಿಡ್ಕೊಂಡು ನಿಂತಿದ್ದ, ಅದೇ ಬಾಗಿಲಲ್ಲಿ ಹೊಸ ಕೀಬೋರ್ಡಿನೋನು ಒಳಗೆ ಹೋಗ್ತಿದ್ದ, ಇಬ್ರೂ ಮುಖ ನೋಡ್ಕೊಂಡ್ರು ಅಷ್ಟೇ, ಸಂಜೆ ನಾಲ್ಕಕ್ಕೆ ಹಡಗು ಅವನನ್ನ ಕರ್ಕೊಂಡು ಹೊರಟೇ ಹೋಯ್ತು. ವಾಪಸ್ ಟಿಕೆಟ್ ಕಂಪನಿಯದ್ದು, ಅದೂ ಆ ಕನ್ವೆನ್ಷನ್ನಲ್ಲೇ ಬರುತ್ತೆ. ಮಯಾಮಿ, ದೋಹಾ, ಬೆಂಗ್ಳೂರು.

ಬೆಂಗ್ಳೂರು ಕಸ್ಟಮ್ಸ್‌ನಲ್ಲಿ ಅರ್ಧ ಗಂಟೆ ನಿಲ್ಲಿಸಿದ್ರು, ಇದು ಇವನದ್ದೇ ತಪ್ಪು. ಹೋಗುವಾಗ ತನ್ನ ಸ್ವಂತ ಸಣ್ಣ ಕೀಬೋರ್ಡ್ ತಗೊಂಡು ಹೋಗಿದ್ದ, ಆಗಲೇ ಏರ್‌ಪೋರ್ಟಲ್ಲಿ ಅದನ್ನ ತೋರಿಸಿ ಎಕ್ಸ್‌ಪೋರ್ಟ್ ಸರ್ಟಿಫಿಕೇಟ್ ಬರೆಸ್ಕೊಂಡಿದ್ರೆ ವಾಪಸ್ ತರುವಾಗ ಇದು ಹೊರಗಿಂದ ತಂದಿದ್ದಲ್ಲ ಅಂತ ಯಾರಿಗೂ ವಾದ ಮಾಡ್ಬೇಕಾಗಿಲ್ಲ. ದೇವರಾಜ ಅರಸ್ ರಸ್ತೆಯ ಅಂಗಡಿ ಬಿಲ್ಲಿನ ಫೋಟೋ ಫೋನಲ್ಲಿತ್ತು, ಬಚಾವಾದ. ವಾದ್ಯ ಹಿಡ್ಕೊಂಡು ಹೊರದೇಶಕ್ಕೆ ಹೋಗೋರು ಯಾರೇ ಆಗ್ಲಿ ಈ ಒಂದು ಕಾಗದ ಮರೀಬೇಡಿ. ಆಮೇಲೆ ಫ್ಲೈಬಸ್ಸು. ಮದ್ದೂರು ದಾಟಿದ್ದೇ ಗೊತ್ತಾಗ್ಲಿಲ್ಲ ಅಣ್ಣ, ಹೊಸ ರೋಡಲ್ಲಿ ಊರೇ ಕಾಣಲ್ಲ, ವಡೆ ವಾಸನೇನೂ ಬರಲ್ಲ, ಅಂತ ಬೇಜಾರ್ ಮಾಡ್ಕೊಂಡ. ಊರಿಗೆ ಹೋದ ಮೇಲೆ ಅವ್ವ ಬಾಗಿಲಲ್ಲೇ, "ಏನ್ ಮಗ ಇಂಗ್ ಬಡಕಲಾಗಿದ್ದೀಯ, ಅಲ್ಲೇನ್ ಇಟ್ಟು ಸಿಕ್ಕಾಕಿಲ್ವಾ?" ಬಸ್ಸಾರು ಮುದ್ದೆ ಉಂಡು ಹದಿನಾಲ್ಕು ಗಂಟೆ ಮಲಗಿದನಂತೆ.

ಮೂರನೇ ದಿನ ನನ್ನ ಆಫೀಸಿಗೆ ಬಂದ, ಚಾಕಲೇಟು ಕೊಟ್ಟ, ಕೂತ. "ಅಣ್ಣ ನಾನೀಗ ಎನ್‌ಆರ್‌ಐ ಅಲ್ವಾ, ಕಾಸೆಲ್ಲ ಎನ್‌ಆರ್‌ಇ ಅಕೌಂಟಿಗೇ ಬಂದಿದೆ, ಟ್ಯಾಕ್ಸ್ ಇರಲ್ಲ ಅಂತ ಹಡಗಲ್ಲಿ ಎಲ್ರೂ ಹೇಳಿದ್ರು." ಎನ್‌ಆರ್‌ಇ ಅಂದ್ರೆ ಹೊರದೇಶದಲ್ಲಿರೋ ಭಾರತೀಯರು ಅಲ್ಲಿನ ದುಡಿಮೆ ಹಾಕೋ ಬ್ಯಾಂಕ್ ಖಾತೆ. ಪಾಸ್‌ಪೋರ್ಟ್ ಕೊಡು ಅಂದೆ. ಕ್ಯಾಲೆಂಡರ್ ತೆಗೆದು ಎಣಿಸ್ದೆ. ಹೊರಗಿದ್ದಿದ್ದು ಒಟ್ಟು 234 ದಿನ. ಕೇಳೋಕೆ ಸಾಕಷ್ಟಾಯ್ತು ಅಲ್ವಾ, ಆದ್ರೆ ಇನ್‌ಕಮ್ ಟ್ಯಾಕ್ಸಿನೋರು ಏಪ್ರಿಲ್ ಒಂದರಿಂದ ಮಾರ್ಚ್ 31ರ ತನಕ ಒಂದು ವರ್ಷ ಅಂತ ಎಣಿಸೋದು, ಆ ಗೆರೆ ಇವನ ಕಾಂಟ್ರ್ಯಾಕ್ಟನ್ನ ಎರಡು ತುಂಡು ಮಾಡ್ಬಿಟ್ಟಿದೆ. ಮಾರ್ಚ್ 31ರೊಳಗೆ 136 ದಿನ, ಆಮೇಲೆ 98 ದಿನ. ಹಡಗಿನ ಕ್ರೂ ಆಗಿ ಹೋಗೋ ಭಾರತೀಯರಿಗೆ ಲೆಕ್ಕ ಏನಪ್ಪ ಅಂದ್ರೆ ವರ್ಷದಲ್ಲಿ 182 ದಿನ ಅಥವಾ ಜಾಸ್ತಿ ಇಲ್ಲಿದ್ರೆ ರೆಸಿಡೆಂಟು, ಕಮ್ಮಿ ಇದ್ರೆ ನಾನ್ ರೆಸಿಡೆಂಟು. 2023-24ರಲ್ಲಿ ಇವ್ನು ಇಲ್ಲಿದ್ದಿದ್ದು 230 ದಿನ. ಪಕ್ಕಾ ರೆಸಿಡೆಂಟು. ರೆಸಿಡೆಂಟ್ ಅಂದ್ಮೇಲೆ ಕೆರಿಬಿಯನ್ ಸಮುದ್ರದಲ್ಲಿ ದುಡಿದಿದ್ದಕ್ಕೂ ಇಲ್ಲೇ ಟ್ಯಾಕ್ಸು.

ಹಡಗಿನ ಹುಡುಗ್ರು ಹೇಳಿದ್ದು ಪೂರ್ತಿ ಸುಳ್ಳೇನಲ್ಲ. ವಿದೇಶಿ ಹಡಗಲ್ಲಿ ದುಡಿದ ಸಂಬಳ ಎನ್‌ಆರ್‌ಇ ಅಕೌಂಟಿಗೆ ಬಂತು ಅನ್ನೋ ಒಂದೇ ಕಾರಣಕ್ಕೆ ಟ್ಯಾಕ್ಸ್ ಹಾಕಲ್ಲ ಅಂತ 2017ರಲ್ಲಿ ಇನ್‌ಕಮ್ ಟ್ಯಾಕ್ಸಿನೋರ 13ನೇ ನಂಬರಿನ ಸರ್ಕ್ಯುಲರ್ ಬಂದಿದೆ, ಅದು ನಾನ್ ರೆಸಿಡೆಂಟ್ ಆಗಿರೋರಿಗೆ ಮಾತ್ರ, ಕಥೆ ಒಬ್ರಿಂದೊಬ್ರಿಗೆ ದಾಟ್ತಾ ದಾಟ್ತಾ ಆ ಮಾತ್ರ ಅನ್ನೋದು ಉದುರಿಹೋಗಿದೆ. ಇನ್ನೊಂದು ಗೊಂದಲ, ಸಿಡಿಸಿಯಲ್ಲಿರೋ ಹತ್ತಿದ ಇಳಿದ ತಾರೀಖು ಹಿಡೀಬೇಕಾ ಪಾಸ್‌ಪೋರ್ಟ್ ಸೀಲಾ ಅಂತ. ಆಗಿನ ಇನ್‌ಕಮ್ ಟ್ಯಾಕ್ಸ್ ನಿಯಮ 126 ಪ್ರಕಾರ ಸಿಡಿಸಿ ಲೆಕ್ಕ ಬರ್ತಿದ್ದಿದ್ದು ಭಾರತದ ಬಂದರಿಂದ ಹೊರಡೋ ಇಲ್ಲಾ ಭಾರತದ ಬಂದರಿಗೆ ಬರೋ ಪ್ರಯಾಣಕ್ಕೆ, ಇವನ ಹಡಗು ನಮ್ ಕಡೆ ತಲೆ ಹಾಕಿಯೂ ಮಲಗಿಲ್ಲ, ಅದಕ್ಕೇ ಪಾಸ್‌ಪೋರ್ಟ್ ಸೀಲೇ ಹಿಡಿದಿದ್ದು.

ಲೆಕ್ಕ ಹಾಕಿದ್ವಿ. ಮಾರ್ಚ್ ತನಕ ಹಡಗಿನ ಸಂಬಳ 7 ಲಕ್ಷ 84 ಸಾವಿರ, ಹೋಗೋಕ್ ಮುಂಚಿನ ಪ್ರೋಗ್ರಾಮು ಪಾಠ ಸೇರಿ ಖರ್ಚು ಕಳೆದು ಒಂದೂವರೆ ಲಕ್ಷ. ಟ್ಯಾಕ್ಸಿನ ಹೊಸ ಪದ್ಧತಿಯಲ್ಲಿ ಆ ವರ್ಷದ 50 ಸಾವಿರ ಸ್ಟ್ಯಾಂಡರ್ಡ್ ಡಿಡಕ್ಷನ್ ಕಳೆದ್ರೆ ಟ್ಯಾಕ್ಸು 45 ಸಾವಿರ ಚಿಲ್ಲರೆ, ಅಡ್ವಾನ್ಸ್ ಟ್ಯಾಕ್ಸ್ ಕಟ್ಟಿಲ್ಲ ಅಂತ ಬಡ್ಡಿ ಬೇರೆ, ಒಟ್ಟು 49 ಸಾವಿರ ದಾಟ್ತು. ರಿಟರ್ನ್ ಕೊನೇ ದಿನ ಜುಲೈ 31. ಅವನ ಮುಖ ನೋಡೋಕಾಗ್ಲಿಲ್ಲ. ಇದೇ 33 ವಾರ ಮೇ ತಿಂಗ್ಳಿಂದ ಡಿಸೆಂಬರ್ ತನಕ ಇದ್ದಿದ್ರೆ ಎಲ್ಲ ಒಂದೇ ವರ್ಷದೊಳಗೆ ಬಂದು ಹಡಗಿನ ದುಡ್ಡಿಗೆ ಒಂದು ರೂಪಾಯಿ ಟ್ಯಾಕ್ಸ್ ಇರ್ತಿರ್ಲಿಲ್ಲ.

ದುಡ್ಡು ಎಲ್ಲೋಯ್ತು ಅಂತಾನೂ ಬರೀಬೇಕು, ಯಾಕಂದ್ರೆ ಊರೋರೆಲ್ಲ ಇವ್ನು ಕೋಟಿ ತಂದಿದ್ದಾನೆ ಅಂದ್ಕೊಂಡಿದ್ರು. ಬಂದಿದ್ದು ಒಟ್ಟು 16 ಸಾವಿರ ಡಾಲರ್ ಮೇಲೆ, ಆಗಿನ ರೇಟಲ್ಲಿ 13 ಲಕ್ಷದ ಮೇಲೆ. ಬೋರ್‌ವೆಲ್ ಎರಡು ಕೊರೆಸಿದ್ರು, ಮೊದಲ್ನೇದ್ರಲ್ಲಿ ಬರೀ ಧೂಳು, ಎರಡನೇದ್ರಲ್ಲಿ ಒಂದಿಂಚು ನೀರು, 3 ಲಕ್ಷ 40 ಸಾವಿರ. ಸೊಸೈಟಿ ಸಾಲ ಎರಡು ಲಕ್ಷ ತೀರ್ತು. ಅಕ್ಕನ ಗೃಹಪ್ರವೇಶಕ್ಕೆ ಒಂದು ಲಕ್ಷ ಕಳಿಸ್ದ, ಆದ್ರೆ ಜೂನಲ್ಲಿ ನಡೆದ ಆ ಗೃಹಪ್ರವೇಶಕ್ಕೆ ಅವ್ನೇ ಇರಲಿಲ್ಲ, ಆ ಎಂಟು ವಾರ ನುಂಗ್ತು. ಹಡಗಲ್ಲಿ ಕೈಖರ್ಚು, ಇಂಟರ್ನೆಟ್ಟು, ಶುರುವಿನ ಕೋರ್ಸಿನ ದುಡ್ಡು ಎಲ್ಲ ತೆಗೆದ್ರೆ ಉಳಿದಿದ್ದು ನಾಲ್ಕು ಲಕ್ಷ ಚಿಲ್ಲರೆ, ಅದರಲ್ಲಿ ಈ 49 ಸಾವಿರ. ತಮಾಷೆ ಅಂದ್ರೆ ಅದೇ ಜುಲೈ ಕೊನೇಲಿ ಕೆಆರ್‌ಎಸ್ 124.80 ಅಡಿ ತುಂಬಿ ನಾಲೆಯಲ್ಲಿ ನೀರು ಬಂತು, ಬೋರ್‌ವೆಲ್ ಪಕ್ಕದಲ್ಲೇ. ಅವ್ವ ಬೋರಿನ ಕಡೆ ನೋಡಿ ನೋಡಿ ನಕ್ರಂತೆ.

ಇಷ್ಟಾದ್ರೂ ದುಡ್ಡಿನ ಲೆಕ್ಕದಲ್ಲಿ ಹಡಗೇ ಗೆಲ್ಲುತ್ತೆ, ಅದನ್ನ ಮುಚ್ಚಿಡೋದು ಬೇಡ. ಊರಲ್ಲೇ ಇದ್ದಿದ್ರೆ ಅಷ್ಟು ದಿನಕ್ಕೆ ಪ್ರೋಗ್ರಾಮು ಪಾಠ ಎಲ್ಲ ಸೇರಿ ಎರಡು ಲಕ್ಷ ಚಿಲ್ಲರೆ ಆಗ್ತಿತ್ತು. ಕಳ್ಕೊಂಡಿದ್ದು ಜಾಗ. ನವೆಂಬರ್ ಪೂರ್ತಿ ನಮ್ ಕಡೆ ರಾಜ್ಯೋತ್ಸವ, ಆಮೇಲೆ ಮದುವೆ ರಿಸೆಪ್ಷನ್ನು, ಯುಗಾದಿ ಆದ್ಮೇಲೆ ಊರಹಬ್ಬ ಜಾತ್ರೆ, ಈ ಪೂರ್ತಿ ಸಾಲು ತಪ್ಪಿಸ್ಕೊಂಡು ಇವ್ನು ಬಂದು ಇಳಿದಿದ್ದು ಆಷಾಢದ ಮೂರನೇ ದಿನ. ಆಗಸ್ಟ್ 4ರ ಭೀಮನ ಅಮಾವಾಸ್ಯೆ ತನಕ ಒಂದು ಮದುವೆ ಇಲ್ಲ, ಒಂದು ಸ್ಟೇಜ್ ಇಲ್ಲ. ಆಷಾಢ ಶುಕ್ರವಾರ ಇಡೀ ಮೈಸೂರು ಚಾಮುಂಡಿ ಬೆಟ್ಟಕ್ಕೆ ಹೋದ್ರೆ ಇವ್ನೂ ಹೋದ, ಮೆಟ್ಲು ಹತ್ತಿ ಬಂದ, ಮತ್ತೇನ್ ಮಾಡ್ತಾನೆ. ಅಷ್ಟರಲ್ಲಿ ನಮ್ ಟೀಮಿನ ಓನರ್ರು ಇನ್ನೊಬ್ಬ ಹುಡುಗನ್ನ ಕೂರಿಸ್ಕೊಂಡಿದ್ರು, ಅವ್ನು ಎಲ್ಲಾ ಹಾಡಿನ ಟೋನು ಲೂಪು ಲೋಡ್ ಮಾಡ್ಕೊಂಡು ರೆಡಿಯಾಗಿದ್ದ, ಅವನನ್ನ ಎಬ್ಬಿಸಿ ಇವನನ್ನ ಕೂರಿಸು ಅಂತ ನಾನು ಯಾವ ಬಾಯಲ್ಲಿ ಹೇಳ್ಲಿ. ಪಾಠದ ಎಂಟು ಮಕ್ಳಲ್ಲಿ ವಾಪಸ್ ಬಂದಿದ್ದು ಮೂರು.

ಮತ್ತೆ ಆ ಗಣೇಶ. ಸೆಪ್ಟೆಂಬರ್ 7 ಹಬ್ಬ, ಮಂಡ್ಯದ ಒಂದು ಪೆಂಡಾಲಿಗೆ ಆ ಇನ್ನೊಬ್ಬ ಹುಡುಗ ಬರೋಕಾಗ್ಲಿಲ್ಲ, ಇವನನ್ನ ಕರ್ಕೊಂಡು ಹೋದ್ವಿ. ಐದು ಗಂಟೆಗೆ ಸೌಂಡ್ ಚೆಕ್ ಅಂದ್ರೆ ನಾಲ್ಕು ಐವತ್ತಕ್ಕೆ ಕೀಬೋರ್ಡ್ ಬಿಚ್ಚಿ ನಿಂತಿದ್ದ, ಮೈಕ್ ವೈರ್ ಹಾಕೋನೇ ಬಂದಿರಲಿಲ್ಲ. ಒಂಬತ್ತಕ್ಕೆ ಶುರುವಾಯ್ತು. ಎರಡನೇ ಹಾಡು, ನಮ್ ಗಾಯಕ್ರು ಪಲ್ಲವಿ ಮುಗಿಸಿ ಜನ ಚಪ್ಪಾಳೆ ಹೊಡೆದಿದ್ದೇ ತಡ ಆಲಾಪ ಎಳೆಯೋಕೆ ಶುರು ಮಾಡಿದ್ರು, ಅವ್ರದ್ದು ಅದೇ ಅಭ್ಯಾಸ, ಎಳೀತಾರೆ, ನಾವು ಕಣ್ಣಲ್ಲೇ ನೋಡ್ಕೊಂಡು ಕಾಯ್ತೀವಿ, ಅವ್ರು ಗಲ್ಲ ಎತ್ತಿದಾಗ ಬೀಳ್ತೀವಿ. ಇವ್ನು ತಲೆ ಎತ್ತಲೇ ಇಲ್ಲ. ನಾಲ್ಕು ಬಾರ್, ಅಂದ್ರೆ ತಾಳದ ನಾಲ್ಕು ಸುತ್ತು, ಆಯ್ತು, ಮಧ್ಯದ ಮ್ಯೂಸಿಕ್ ಇಂಟರ್‌ಲ್ಯೂಡ್ ಹೊಡೆದೇಬಿಟ್ಟ. ಗಾಯಕ್ರು ಅಲ್ಲಿ, ಕೀಬೋರ್ಡ್ ಇಲ್ಲಿ, ನಾನು ಪ್ಯಾಡಲ್ಲಿ ಯಾರ ಕಡೆ ಹೋಗ್ಲಿ ಅಂತ ಗೊತ್ತಾಗ್ದೆ ಒಂದು ರೋಲ್ ಕೊಟ್ಟು ಹೆಂಗೋ ಎತ್ತಿಕೊಂಡೆ. ಜನಕ್ಕೆ ಗೊತ್ತಾಗ್ಲಿಲ್ಲ. ನಮಗೆ ಗೊತ್ತಾಯ್ತು. ವಾಪಸ್ ಬರುವಾಗ ಟೆಂಪೋದಲ್ಲಿ ಅಂದ, ಕಿವೀಲಿ ಕ್ಲಿಕ್ ಇಲ್ದೇನೂ ಕ್ಲಿಕ್ ಕೇಳಿಸ್ತೈತೆ ಕಣಣ್ಣ, ಯಾರ್ ಮುಖಾನೂ ನೋಡ್ದೆ ನುಡಿಸಿ ನುಡಿಸಿ ಅಭ್ಯಾಸ ಆಗ್ಬಿಟ್ಟೈತೆ. ಅವನ ಬೆರಳು ಮೊದಲಿಗಿಂತ ನೂರು ಪಾಲು ಚೊಕ್ಕ ಆಗಿದೆ, ಅದು ಸತ್ಯ. ಆದ್ರೆ ನಮ್ ಕೆಲಸದಲ್ಲಿ ಬೆರಳಿಗಿಂತ ಮೊದ್ಲು ಕಣ್ಣು ನುಡಿಸ್ಬೇಕು, ಅದು ವಾಪಸ್ ಬರೋಕೆ ಇನ್ನೂ ಐದಾರು ಪ್ರೋಗ್ರಾಮ್ ಬೇಕಾಯ್ತು.

ಇದಕ್ಕಿಂತ ಮುಂಚೆ ಆಗಸ್ಟಲ್ಲೇ ಹೊಸ ಆಫರ್ ಬಂದಿತ್ತು, ಸೆಪ್ಟೆಂಬರ್ 14ಕ್ಕೆ ಹತ್ತು ಅಂತ. ಗಣೇಶ ಆಗಿ ಒಂದು ವಾರಕ್ಕೆ, ದಸರಾಗೆ ಮೂರು ವಾರ ಮುಂಚೆ. ಅವ್ನು ಆಗಲೇ ಹೂಂ ಅನ್ನೋಕೆ ಫೋನ್ ತೆಗೆದಿದ್ದ. ಈ ಸಲ ಬಿಡ್ಲಿಲ್ಲ ನಾನು, ಕ್ಯಾಲೆಂಡರ್ ತಗೊಂಡು ಕೂರಿಸ್ದೆ. ನೋಡಪ್ಪ, ಈ ವರ್ಷದ ಲೆಕ್ಕದಲ್ಲಿ ಏಪ್ರಿಲಿಂದ ಜುಲೈ ತನಕ 98 ದಿನ ಆಗ್ಲೇ ಹೊರಗಿದ್ದು ಬಂದಿದ್ದೀಯ. ನಾನ್ ರೆಸಿಡೆಂಟ್ ಆಗೋಕೆ 365ರಲ್ಲಿ ಇಲ್ಲಿ 181 ದಿನ ದಾಟ್ಬಾರ್ದು, ಅಂದ್ರೆ ಹೊರಗೆ ಒಟ್ಟು 184 ಬೇಕು. ಬಾಕಿ 86. ಮಾರ್ಚ್ 31ರಿಂದ ಹಿಂದಕ್ಕೆ ಎಣಿಸು, ಜನವರಿ 4ರೊಳಗೆ ದೇಶ ಬಿಟ್ರೆ ಸಾಕು. ಸೆಪ್ಟೆಂಬರಲ್ಲೇ ಓಡೋಕೆ ಏನ್ ಅರ್ಜೆಂಟು? ಗಣೇಶ ನುಡ್ಸು, ದಸರಾ ನುಡ್ಸು, ನವೆಂಬರ್ ಪೂರ್ತಿ ರಾಜ್ಯೋತ್ಸವ ನುಡ್ಸು, ಆಮೇಲೆ ಹೋಗು.

ಎಣಿಸ್ತಾ ಎಣಿಸ್ತಾ ನಂಗೇ ಒಂದು ವಿಷ್ಯ ಹೊಳೀತು. ಅವನ ಗೃಹಪ್ರವೇಶ ತಪ್ಪಿಸಿ, ಆಷಾಢಕ್ಕೆ ತಂದು ಇಳಿಸಿದ ಆ ಎಂಟು ವಾರ ಇತ್ತಲ್ಲ, ಅದಿಲ್ದೇ ಮೇ ತಿಂಗ್ಳಲ್ಲೇ ಬಂದಿದ್ರೆ ಈ ಲೆಕ್ಕ ಕೂಡ್ತಾನೇ ಇರಲಿಲ್ಲ, 42 ದಿನ ಮಾತ್ರ ಆಗಿರ್ತಿತ್ತು. ಒಂದು ವರ್ಷ ಕಿತ್ಕೊಂಡಿದ್ದನ್ನ ಅದೇ ಎಂಟು ವಾರ ಇನ್ನೊಂದು ವರ್ಷಕ್ಕೆ ಕೊಡ್ತಾ ಇದೆ. ಇದನ್ನ ಅವನಿಗೆ ಹೇಳ್ದಾಗ, ಅಕ್ಕನಿಗೆ ನೀನೇ ಹೇಳಣ್ಣ, ಅವ್ಳು ಇನ್ನೂ ಮಾತಾಡ್ಸ್ತಿಲ್ಲ ಅಂದ.

ಕಂಪನಿಗೆ ಮೇಲ್ ಹಾಕ್ದ, ಡಿಸೆಂಬರ್ ಮೊದಲ ವಾರ ಆದ್ರೆ ಬರ್ತೀನಿ ಅಂತ. ಹನ್ನೊಂದು ದಿನ ಉತ್ತರ ಇಲ್ಲ. ನನಗೆ ಒಳಗೊಳಗೇ ಭಯ, ಇವನ ಅನ್ನಕ್ಕೆ ನಾನೇ ಕಲ್ಲು ಹಾಕಿದ್ನಾ ಅಂತ, ರಾತ್ರಿ ಎದ್ದು ಕೂತಿದ್ದೂ ಇದೆ. ಕೊನೆಗೆ ಬಂತು, ಹಳೇ ಹಡಗು ಇಲ್ಲ, ಹಳೇ ಬ್ಯಾಂಡೂ ಇಲ್ಲ, ಬೇರೆ ಹಡಗಲ್ಲಿ ಡಿಸೆಂಬರ್ 7, ಸಂಬಳ ಅಷ್ಟೇ. ಗೊತ್ತಿರೋ ಗಿಟಾರಿನೋನು, ಬೆನ್ನು ತಟ್ಟಿದ ಡ್ರಮ್ಮರ್ ಯಾರೂ ಇರಲ್ಲ ಅಂತ ಅವನಿಗೆ ಸ್ವಲ್ಪ ಚುರ್ ಅಂತು. ಆದ್ರೂ ಒಪ್ಕೊಂಡ. ಗಣೇಶದಿಂದ ನವೆಂಬರ್ ತನಕ ಬೇರೆ ಬೇರೆ ಟೀಮಲ್ಲಿ ಸೇರಿ 31 ಪ್ರೋಗ್ರಾಮು ಹಿಡಿದ, ನಮ್ ಟೀಮಿನ ಆ ಹೊಸ ಹುಡುಗನಿಗೆ ವಾರಕ್ಕೆರಡು ದಿನ ನೋಟೇಶನ್ ಹೇಳ್ಕೊಟ್ಟ, ಅವ್ನು ಬದಲಿಗೆ ಇವನಿಗೆ ತನ್ನ ಲೂಪೆಲ್ಲ ಕಾಪಿ ಹಾಕಿಕೊಟ್ಟ.

ಡಿಸೆಂಬರ್ 5ಕ್ಕೆ ಹೊರಟ. ಫ್ಲೈಬಸ್ ಹತ್ತಿಸೋಕೆ ಅವ್ವನೂ ಹಳ್ಳಿಯಿಂದ ಬಂದಿದ್ರು, ಒಂದು ಅಚ್ಚು ಬೆಲ್ಲ, ಚಟ್ನಿಪುಡಿ, ರಾಗಿ ಹಿಟ್ಟು ಹಿಡ್ಕೊಂಡು, ಹಿಟ್ಟು ಬೇಡ ಅಂತ ಕೈ ಮುಗಿದು ವಾಪಸ್ ಕೊಟ್ಟ. ಕೀಬೋರ್ಡ್ ಬಿಲ್ಲಿನ ಒರಿಜಿನಲ್ಲು ಪ್ಲಾಸ್ಟಿಕ್ ಕವರಲ್ಲಿ ಹಾಕಿ ನಾನೇ ಕೊಟ್ಟೆ, ಸರ್ಟಿಫಿಕೇಟ್ ಬರೆಸ್ದೆ ಒಳಗೆ ಹೋಗ್ಬೇಡ ಅಂತ. "ಇಳಿಯೋದ್ ಯಾವಾಗ್ಲಾ?" ಅಂದ್ರು ಅವ್ವ. "ಮೇ 31 ಕಣವ್ವ." ಅವ್ವ ಬೆರಳು ಮಡಚಿ ಮಡಚಿ ಏನೋ ಎಣಿಸಿದ್ರು, ನಾನೂ ಏಪ್ರಿಲ್ ಮೇ ಸೇರಿ 61 ದಿನ, ಹೊಸ ವರ್ಷದ ಲೆಕ್ಕ ಮತ್ತೆ ಮೊದಲಿಂದ ಶುರು ಅಂತ ಮನಸ್ಸಲ್ಲೇ ಕೂಡಿಸ್ತಿದ್ದೆ. ಅಷ್ಟರಲ್ಲಿ ಅವ್ವ ತಲೆ ಎತ್ತಿ, "ಸರಿ ಬುಡು. ಆಷಾಡಕ್ ಮುಂಚೆ ಬತ್ತೀಯಲ್ಲ, ಎಣ್ಣು ನೋಡಕ್ಕಾಯ್ತದೆ" ಅಂದ್ರು. ಬಸ್ಸಿನೋನು ಹಾರ್ನ್ ಹೊಡೆದ, ಇವ್ನು ಹತ್ತಿ ಕಿಟಕಿ ಪಕ್ಕ ಕೂತ.